ಬಿಟ್ಟುಹೋದವರ ಲೆಕ್ಕ



ಕ್ಯಾಲಿಫೋರ್ನಿಯಾದಲ್ಲಿ ನಿಂತು ನರ್ಸಿಂಗ್ ಶಿಕ್ಷಣದ ಬಗ್ಗೆ ಕನ್ನಡದಲ್ಲಿ ಮಾತಾಡುವ ಭಾಗ್ಯ ನನಗೆ ಹೆಚ್ಚು ಸಿಕ್ಕಿಲ್ಲ. ನಡುವಯಸ್ಸಿನಲ್ಲಿ ನರ್ಸಿಂಗ್ ಓದಲು ಹೊರಟವರು ಖಾಸಗಿ ಕಾಲೇಜಿಗೆ ಸೇರಬೇಕೋ ಎರಡು ವರ್ಷದ ಸರ್ಕಾರಿ ಕಮ್ಯೂನಿಟಿ ಕಾಲೇಜಿಗೋ ಎಂಬುದು ಈ ಸಂಕಿರಣದ ಇಂದಿನ ವಿಷಯ. ಹೀಗೆ ಕೇಳಿಕೊಂಡು ಬಂದವರಿಗೆಲ್ಲ ನಮ್ಮ ವೃತ್ತಿ ಅರವತ್ತು ವರ್ಷಗಳಿಂದ ಬೇರೆ ಯಾವುದೋ ಪ್ರಶ್ನೆಯ ಉತ್ತರ ಕೊಡುತ್ತಾ ಬಂದಿದೆ ಎಂಬುದು ನನ್ನ ಬಹುಕಾಲದ ನಂಬಿಕೆ.

ಚರಿತ್ರೆಯನ್ನು ಮುಂದಿನ ಸಾಲಿನಲ್ಲಿರುವ ಪ್ರಾಧ್ಯಾಪಕಿಯರು ನನಗಿಂತ ಚೆನ್ನಾಗಿ ಬಲ್ಲರು. ನಾನು ಬೇಗ ಬೇಗ ದಾಟುತ್ತೇನೆ. ನರ್ಸಿಂಗ್ ಶಿಕ್ಷಣ ತಜ್ಞೆ ಮಿಲ್ಡ್ರೆಡ್ ಮಾಂಟಾಗ್ 1951ರಲ್ಲಿ ಎರಡು ವರ್ಷದ ನರ್ಸಿಂಗ್ ಶಿಕ್ಷಣದ ಯೋಜನೆ ಮುಂದಿಟ್ಟರು. ಮರುವರ್ಷವೇ ಏಳು ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. ಅವರ ಮನಸ್ಸಿನಲ್ಲಿದ್ದುದು ಪದವೀಧರ ನರ್ಸಿನ ಜೊತೆಗೆ ದುಡಿಯುವ ತಾಂತ್ರಿಕ ನರ್ಸ್. ಆದರೆ ಇಬ್ಬರೂ ಬರೆದದ್ದು ಒಂದೇ ಪರವಾನಗಿ ಪರೀಕ್ಷೆ, ಇಬ್ಬರೂ ಆದದ್ದು ನೋಂದಾಯಿತ ನರ್ಸ್, ಅಂದರೆ ಆರ್‌ಎನ್. 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ವೃತ್ತಿಪರ ನರ್ಸಿಗೆ ನಾಲ್ಕು ವರ್ಷದ ಪದವಿಯೇ ಬೇಕೆಂದಿತು. ನಾರ್ತ್ ಡಕೋಟ 1987ರಲ್ಲಿ ಅದನ್ನು ನಿಯಮ ಮಾಡಿ 2003ರಲ್ಲಿ ಕೈಬಿಟ್ಟಿತು. ಪದವೀಧರ ನರ್ಸ್‌ಗಳು ಹೆಚ್ಚಿದ್ದಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗಳ ಸಾವು ಕಡಿಮೆ ಎಂದು ಸಂಶೋಧಕಿ ಲಿಂಡಾ ಐಕೆನ್ ಅವರ ತಂಡ ಅದೇ 2003ರಲ್ಲಿ ತೋರಿಸಿತು. ಆ ಕೆಲಸವನ್ನು ನಾನು ಗೌರವದಿಂದ ಓದಿದ್ದೇನೆ, ಪಾಠ ಮಾಡಿದ್ದೇನೆ. ಆದರೆ ಇದೆಲ್ಲವೂ ಓದು ಮುಗಿಸಿ ಹೊರಬಂದವರ ಕಥೆ.

ಒಳಗೆ ಹೋಗಲು ಬಾಗಿಲಲ್ಲಿ ನಿಂತವರನ್ನು ನೋಡಿ. ದಾವಣಗೆರೆ ಕಡೆಯ ಒಬ್ಬ ಹೆಣ್ಣುಮಗಳು ನನಗೆ ಫೋನ್ ಮಾಡಿದ್ದರು. ಊರಲ್ಲಿ ಬಿ.ಕಾಂ. ಮಾಡಿ, ಮದುವೆಯಾಗಿ ಬಂದು, ಗ್ರೀನ್ ಕಾರ್ಡ್ ಕೈಗೆ ಬರುವ ಹೊತ್ತಿಗೆ ನಲವತ್ತರ ಹತ್ತಿರ. "ಮೇಡಂ, ಯಾವ್ದಕ್ಕೆ ಸೇರ್ಲಿ? ಕಮ್ಯೂನಿಟಿ ಕಾಲೇಜಲ್ಲಿ ಸೀಟು ಯಾವಾಗ ಸಿಗುತ್ತೋ ಗೊತ್ತಿಲ್ಲ. ಪ್ರೈವೇಟ್‌ನೋರು ಬರೋ ತಿಂಗ್ಳೇ ಕ್ಲಾಸು ಅಂತಾರೆ."

ಈ ರಾಜ್ಯದ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನ ಶುಲ್ಕ ಯೂನಿಟ್ಟಿಗೆ 46 ಡಾಲರ್. ಎಪ್ಪತ್ತು ಯೂನಿಟ್ ಓದಿದರೂ 3,220 ಡಾಲರ್. ಪುಸ್ತಕ, ಯೂನಿಫಾರ್ಮ್ ಬೇರೆ. ಖಾಸಗಿಯಲ್ಲಿ ಅದರ ಹತ್ತಾರು ಪಟ್ಟು. ಆಕೆಗೆ ಯಾರೂ ಹೇಳದಿದ್ದ ಇನ್ನೊಂದು ವಿಷಯವಿತ್ತು: ಬೇರೆ ದೇಶದ್ದಾದರೂ ಒಂದು ಬ್ಯಾಚುಲರ್ ಪದವಿ ಕೈಯಲ್ಲಿದ್ದರೆ ಓದಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಸಿಗುವುದಿಲ್ಲ. ಊರಿನ ಬಿ.ಕಾಂ. ಇಲ್ಲಿ ಕೆಲಸವನ್ನೂ ಕೊಡಿಸಲಿಲ್ಲ, ನೆರವಿನ ಹಣಕ್ಕೂ ಅಡ್ಡ ನಿಂತಿತು. ಉಳಿದದ್ದು ಸಾಲ. ಸಾಲ ಮಾಡಿ ಸೇರಿದ ಖಾಸಗಿ ಕಾಲೇಜೇ ಮುಚ್ಚಿಹೋಗುವುದೂ ಉಂಟು. 2016ರ ಸೆಪ್ಟೆಂಬರಿನಲ್ಲಿ ಲಾಭಕ್ಕಾಗಿ ನಡೆಯುತ್ತಿದ್ದ ಐಟಿಟಿ ಟೆಕ್ ಬಾಗಿಲು ಹಾಕಿದಾಗ ನರ್ಸಿಂಗ್ ವಿದ್ಯಾರ್ಥಿಗಳೂ ನಡುನೀರಿನಲ್ಲಿ ಉಳಿದರು. ಹಾಗೆಂದು ಖಾಸಗಿ ಎಂದರೆಲ್ಲ ಒಂದೇ ಅಲ್ಲ. ಲಾಭಕ್ಕಾಗಿ ನಡೆಯದ ಹಳೆಯ ವಿಶ್ವವಿದ್ಯಾಲಯಗಳೂ ಖಾಸಗಿಯೇ, ಅವುಗಳ ನಾಲ್ಕು ವರ್ಷದ ಬಿಎಸ್‌ಎನ್ ಪದವಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಬೆಲೆಯಿದೆ.

ಯಾವುದು ಒಳ್ಳೆಯ ಕಾಲೇಜು ಎಂದು ಕೇಳಿದರೆ ನಾವು ತೋರಿಸುವುದು ಪರವಾನಗಿ ಪರೀಕ್ಷೆಯ, ಅಂದರೆ ಎನ್‌ಕ್ಲೆಕ್ಸ್ ಫಲಿತಾಂಶ. ಅದು ಪರೀಕ್ಷೆಗೆ ಕುಳಿತವರ ಲೆಕ್ಕ. ಎರಡನೇ ಸೆಮಿಸ್ಟರಿನಲ್ಲೇ ಬಿಟ್ಟವರು ಅದರಲ್ಲಿಲ್ಲ. ಫೇಲಾಗಬಹುದಾದವರನ್ನು ಮೊದಲೇ ಹೊರಗೆ ಕಳಿಸಿದ ಕಾಲೇಜಿನ ಫಲಿತಾಂಶ ಹೊಳೆಯುತ್ತದೆ. ತಡವರಿಸುವವರನ್ನು ಕೈಹಿಡಿದು ಕೊನೆಯವರೆಗೆ ಕರೆತಂದ ಕಾಲೇಜಿನದು ಮಂಕಾಗುತ್ತದೆ. ಓದು ಪೂರೈಸಿದವರ ಪ್ರಮಾಣವನ್ನು ಮಾನ್ಯತೆ ಕೊಡುವ ಸಂಸ್ಥೆಗಳು ಕೇಳುತ್ತವೆ, ನಿಜ. ಆದರೆ ಆ ಅಂಕಿಯಿಂದ ಬಿಟ್ಟವರ ವಯಸ್ಸೂ ತಿಳಿಯದು, ಕಾರಣವೂ ತಿಳಿಯದು.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದೇ. ಮೂವತ್ತೆಂಟರ ಒಬ್ಬ ತಾಯಿ ಓದು ಬಿಟ್ಟರೆ ಅದು ಅಂಗರಚನಾಶಾಸ್ತ್ರ ತಲೆಗೆ ಹತ್ತದ ಕಾರಣಕ್ಕೋ, ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯಲ್ಲಿ ಕ್ಲಿನಿಕಲ್ ತರಬೇತಿ ಇದ್ದು, ಎಂಟಕ್ಕೆ ಮಗುವನ್ನು ಶಾಲೆಗೆ ಬಿಡುವವರು ಇಲ್ಲದ ಕಾರಣಕ್ಕೋ? ಎರಡನೆಯದೇ ಹೆಚ್ಚೆಂದು ನನ್ನ ಅನುಭವ ಹೇಳುತ್ತದೆ. ಅನುಭವವನ್ನು ಪುರಾವೆ ಎನ್ನಲಾರೆ. ಆದರೆ ಎರಡನೆಯದೇ ನಿಜವಾದರೆ ಎರಡು ವರ್ಷವೋ ನಾಲ್ಕು ವರ್ಷವೋ ಎಂಬ ಜಗಳಕ್ಕಿಂತ ವೇಳಾಪಟ್ಟಿಯ ಜಗಳ ದೊಡ್ಡದು. ಖಾಸಗಿಯವರು ಸಂಜೆ, ವಾರಾಂತ್ಯದ ತರಗತಿ ಎಂದು ಸೆಳೆಯುವುದು ಇದೇ ಕೊರತೆಯನ್ನು ಕಂಡು. ಆ ತರಗತಿಗೆ ಸೇರಿದವರು ಹೆಚ್ಚು ಉಳಿದರೇ, ಹೆಚ್ಚು ಸಾಲದೊಂದಿಗೆ ಬಿಟ್ಟರೇ? ಇದಕ್ಕೆ ಉತ್ತರವಿಲ್ಲದೆ ಆ ದಾವಣಗೆರೆಯ ಮಗಳಿಗೆ ಏನು ಸಲಹೆ ಕೊಟ್ಟರೂ ಅದು ಅರ್ಧವೇ.

ಮಧ್ಯಾಹ್ನದ ಗೋಷ್ಠಿಗೆಂದು ಕಮ್ಯೂನಿಟಿ ಕಾಲೇಜಿನ ಇಬ್ಬರು ಅಧ್ಯಾಪಕರು ತಮ್ಮಲ್ಲಿ ಓದು ಬಿಟ್ಟವರನ್ನು ಹುಡುಕಿ ಮಾತಾಡಿಸಿದ ಟಿಪ್ಪಣಿ ತಂದಿದ್ದಾರೆ. ಸಂಚಾಲಕರು ಒಪ್ಪಿದರೆ ಅದನ್ನು ಈಗಲೇ, ಮೊದಲ ಪ್ರಬಂಧವಾಗಿ ಕೇಳೋಣ. ನನ್ನ ಸಮಯದಲ್ಲಿ ಉಳಿದದ್ದು ಅವರಿಗೆ.