ಒಂದೇ ಗಾಜು, ಹಲವು ಕೆಂಪು
(ಭಾಷಣದ ಪಾಠ)



ಗಾಜಿನ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಹಾಳೆಗಳನ್ನು ನೀವೆಲ್ಲ ನೋಡಿದ್ದೀರಿ. ಎದುರಿನಿಂದ ನೋಡಿದರೆ ಬಣ್ಣವೇ ಇಲ್ಲ. ಅಂಚಿನ ಕಡೆಯಿಂದ ನೋಡಿ, ಹಸಿರು! ಗಾಜಿನಲ್ಲಿರುವ ಕಬ್ಬಿಣದ ಅಂಶವೇ ಇದಕ್ಕೆ ಕಾರಣ. ಬೆಳಕು ಗಾಜಿನೊಳಗೆ ದೂರ ಸಾಗಿದಷ್ಟೂ ಬಣ್ಣ ಗಾಢವಾಗುತ್ತದೆ.

ಈ ಸಣ್ಣ ಸಂಗತಿಯನ್ನೇ ದೊಡ್ಡ ಕಲೆಯಾಗಿ ಬೆಳೆಸಿದವರು ಚೆಕ್ ದಂಪತಿ ಸ್ತಾನಿಸ್ಲಾವ್ ಲಿಬೆನ್‌ಸ್ಕಿ (1921–2002) ಮತ್ತು ಯಾರೊಸ್ಲಾವಾ ಬ್ರಿಖ್ತೊವಾ (1924–2020). ಅವರ ಹೆಸರಾಂತ ಕೃತಿಗಳು ಊದಿ ಮಾಡಿದ ಗಾಜಲ್ಲ, ಎರಕದ ಗಾಜು. ಲಿಬೆನ್‌ಸ್ಕಿ ಚಿತ್ರ ಬರೆದರೆ, ಶಿಲ್ಪಿಯಾದ ಬ್ರಿಖ್ತೊವಾ ಅದನ್ನು ಜೇಡಿಮಣ್ಣಿನಲ್ಲಿ ರೂಪಿಸುತ್ತಿದ್ದರು. ಅದರಿಂದ ಅಚ್ಚು ತೆಗೆದು, ಗಾಜಿನ ತುಂಡು ತುಂಬಿ ಕುಲುಮೆಯಲ್ಲಿಟ್ಟರೆ ಗಾಜು ಜೇನಿನಂತೆ ಕರಗಿ ಮೂಲೆಮೂಲೆಗೂ ಇಳಿಯುತ್ತದೆ.

ಇಷ್ಟೇ ಆಗಿದ್ದರೆ ಅಚ್ಚುಬೆಲ್ಲದ ಕೆಲಸ ಎಂದುಬಿಡಬಹುದಿತ್ತು. ಕಷ್ಟವಿರುವುದು ತಣಿಸುವುದರಲ್ಲಿ. ಹೊರಮೈ ಬೇಗ ತಣಿದು ಒಡಲು ಬಿಸಿಯಾಗಿಯೇ ಉಳಿದರೆ ಗಾಜು ಸೀಳಿಬಿಡುತ್ತದೆ. ದೊಡ್ಡ ಎರಕಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು.

ಚರ್ಚಿನ ಕಿಟಕಿಯಲ್ಲಿ ಬಣ್ಣಕ್ಕೊಂದು ತುಂಡು. ನಡುವೆ ಸೀಸದ ಪಟ್ಟಿ. ಇವರಿಗೆ ಒಂದೇ ಬಣ್ಣ ಸಾಕಾಗಿತ್ತು. ಅಮೆರಿಕದ ಕಾರ್ನಿಂಗ್ ಗಾಜಿನ ವಸ್ತುಸಂಗ್ರಹಾಲಯದಲ್ಲಿರುವ ಇವರ ‘ಕೆಂಪು ಪಿರಮಿಡ್’ (1993) ನೋಡಿ. ಗಾಜು ದಪ್ಪವಿದ್ದಲ್ಲಿ ಕಡುಗೆಂಪು, ತೆಳುವಾದಲ್ಲಿ ನಿಗಿನಿಗಿ ಕೆಂಡ. ಕುಂಚದಿಂದ ಬಳಿದದ್ದು ಏನೂ ಇಲ್ಲ.

ಎರಕಕ್ಕೆ ಇನ್ನೊಂದು ಗುಣವಿದೆ. ಅಚ್ಚಿನಲ್ಲಿ ಬಿದ್ದ ಗುರುತೆಲ್ಲ ಗಾಜಿನಲ್ಲಿ ಮೂಡುತ್ತದೆ. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ಚೆಕೊಸ್ಲೊವಾಕಿಯಕ್ಕೆ ನುಗ್ಗಿದವು. 1970ರಲ್ಲಿ ಜಪಾನಿನ ಒಸಾಕಾದಲ್ಲಿ ವಿಶ್ವ ಪ್ರದರ್ಶನ. ಅಲ್ಲಿನ ತಮ್ಮ ದೇಶದ ಮಂಟಪಕ್ಕೆ ಈ ದಂಪತಿ ಸುಮಾರು 22 ಮೀಟರ್ ಉದ್ದದ ಎರಕದ ಗಾಜಿನ ‘ಬದುಕಿನ ನದಿ’ ರಚಿಸಿದರು. ಆ ನದಿಯ ಮೇಲೆ ಸೈನಿಕರ ಬೂಟಿನ ಗುರುತುಗಳು! ಅಧಿಕಾರಿಗಳಿಗೆ ಅರ್ಥವಾಯಿತು. ಅಳಿಸಬೇಕೆಂದು ಆಜ್ಞೆ ಬಂತು, ಅಳಿಸಿದ್ದೂ ಆಯಿತು.

ಗಾಜು ನಾಜೂಕು, ಸರ್ಕಾರ ಗಟ್ಟಿ ಎಂಬುದು ನಮ್ಮ ಎಣಿಕೆ. ಆದರೆ ಆ ಕಮ್ಯುನಿಸ್ಟ್ ಆಡಳಿತ 1989ರಲ್ಲಿ ಕುಸಿದುಬಿತ್ತು. ಕೆಂಪು ಪಿರಮಿಡ್ ಬಂದದ್ದು ಅದಾದ ನಾಲ್ಕು ವರ್ಷಕ್ಕೆ. ಅಳಿಸಿದ ಬೂಟಿನ ಗುರುತುಗಳನ್ನು ಇಂದು ನಾವು ಇಲ್ಲಿ ಕುಳಿತು ಮಾತಾಡುತ್ತಿದ್ದೇವೆ. ಹಾಗಾದರೆ ಅಳಿದದ್ದು ಯಾವುದು, ಉಳಿದದ್ದು ಯಾವುದು?

ಮನೆಗೆ ಹೋಗುವ ದಾರಿಯಲ್ಲಿ ಗಾಜಿನ ಅಂಗಡಿ ಸಿಕ್ಕರೆ ಒಂದು ಗಳಿಗೆ ನಿಲ್ಲಿ. ಅಂಚಿನ ಆ ಹಸಿರನ್ನು ನೋಡಿ.