ಡಿಷ್ ನಾವೇ ಕೂರಿಸೋಣವೇ?



ರೇಡಿಯೊದಲ್ಲಿ ಕೂತು ಟಿವಿಯ ಮಾತಾಡುತ್ತಾರಲ್ಲ ಎಂದು ಹುಬ್ಬೇರಿಸಬೇಡಿ. ಡಿಡಿ ಫ್ರೀ ಡಿಷ್‌ನಲ್ಲಿ ಟಿವಿ ವಾಹಿನಿಗಳ ಜೊತೆಗೆ ಆಕಾಶವಾಣಿಯ ವಾಹಿನಿಗಳೂ ಬರುತ್ತವೆ. ತಾರಸಿಯ ಮೇಲಿನ ಆ ತಟ್ಟೆಯಲ್ಲಿ ನಮಗೂ ಒಂದು ಪಾಲಿದೆ.

ಇವತ್ತಿನ ಪ್ರಶ್ನೆ ಇಷ್ಟೆ. ಮನೆಗೆ ಡಿಷ್ ತಂದಿದ್ದೀರಿ. ಅದನ್ನು ನೀವೇ ಕೂರಿಸುತ್ತೀರೋ, ಕೆಲಸ ಬಲ್ಲವರನ್ನು ಕರೆಸುತ್ತೀರೋ? ಹೆಚ್ಚಿನವರು ಅಳುಕುವುದು ಉಪಗ್ರಹ ಹುಡುಕುವ ಕೆಲಸಕ್ಕೆ. ಕಣ್ಣಿಗೇ ಕಾಣದ್ದಕ್ಕೆ ಗುರಿಯಿಡುವುದು ಹೇಗೆ ಎಂಬ ಭಯ. ಗೋಡೆಗೆ ತೂತು ಹೊಡೆದು ಬೋಲ್ಟು ಬಿಗಿಯುವುದು, ವೈರು ಎಳೆಯುವುದು ಮಾತ್ರ ಯಾರು ಬೇಕಾದರೂ ಮಾಡುವಂಥದ್ದು ಅನ್ನಿಸುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ತಿರುಗುಮುರುಗು. ಉಪಗ್ರಹ ಹುಡುಕುವುದನ್ನು ಒಂದು ಭಾನುವಾರದಲ್ಲಿ ಕಲಿತುಬಿಡಬಹುದು. ಅನುಭವಿಗೆ ಕೊಟ್ಟ ಕೂಲಿ ಸಾರ್ಥಕವಾಗುವುದು ಬೋಲ್ಟು, ವೈರು, ತಾರಸಿಯ ಅಂಚು, ಇವುಗಳಲ್ಲಿ.

ಉಪಗ್ರಹದ ಟಿವಿ ಕರ್ನಾಟಕಕ್ಕೆ ಮೊದಲು ಬಂದದ್ದು ಡಿಟಿಎಚ್ ಕಂಪನಿಗಳ ಕೈಯಲ್ಲಿ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ನಮ್ಮ ಕಡೆಯಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಆಗಿನ ಡಿಷ್ ಹತ್ತಿರ ಹತ್ತಿರ ಹತ್ತು ಅಡಿ ಅಗಲ, ಕೋಳಿಗೂಡಿಗೆ ಹಾಕುವ ಜಾಲರಿಯಲ್ಲಿ ಮಾಡಿದ್ದು. ಊರಿಗೊಂದೇ ಟಿವಿ. ಅದೇ ಕಾಲದಲ್ಲಿ ಕೊಲಂಬೊದಲ್ಲಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೂ ಒಂದು ಡಿಷ್ ಹೋಯಿತು. ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳಿಂದ ಇಡೀ ಭೂಮಿಗೆ ಪ್ರಸಾರ ಮಾಡಬಹುದೆಂದು 1945ರಲ್ಲೇ ಬರೆದಿದ್ದವರು ಅವರು. ಅವರ ಮನೆಯ ಡಿಷ್ ಕೂರಿಸಿಕೊಟ್ಟದ್ದು ಇಸ್ರೊ ಎಂಜಿನಿಯರುಗಳು. ಟೆಕ್ನಿಷಿಯನ್ ಕರೆಸಿದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಈಗ ಆಕಾಶದ ಕಡೆ ಬರೋಣ. ಫ್ರೀ ಡಿಷ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿದ ಇದು ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, 35,786 ಕಿಲೊಮೀಟರ್ ಎತ್ತರದಲ್ಲಿದೆ. ಅದು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವುದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಅಲ್ಲಿಯವರು ಅಷ್ಟು ಕಟ್ಟುನಿಟ್ಟಾಗಿ ಹಿಡಿದಿಟ್ಟಿರುವುದರಿಂದಲೇ ನಾವು ಡಿಷ್ ಅನ್ನು ಒಮ್ಮೆ ಬಿಗಿದು ವರ್ಷಗಟ್ಟಲೆ ಮರೆತಿರಬಹುದು.

ನಾವಿರುವುದು ಆ ಉಪಗ್ರಹದ ವಾಯವ್ಯಕ್ಕೆ. ಆದ್ದರಿಂದ ನಮ್ಮ ಡಿಷ್ ಆಗ್ನೇಯಕ್ಕೆ ನೋಡಬೇಕು. ಕಲಬುರಗಿಯಲ್ಲಿ ಇದು ಹೆಚ್ಚುಕಡಿಮೆ ಕರಾರುವಾಕ್ಕಾಗಿ ಆಗ್ನೇಯ; ಬೆಂಗಳೂರು, ಮಂಗಳೂರುಗಳಲ್ಲಿ ಇನ್ನೊಂದಿಷ್ಟು ಪೂರ್ವಕ್ಕೆ ವಾಲುತ್ತದೆ. ವಾಸ್ತು ನೋಡಿ ಕಟ್ಟಿಸಿದ ಮನೆಯಾದರೆ ಅಡುಗೆಮನೆ ಯಾವ ಮೂಲೆಯಲ್ಲಿದೆಯೋ ಆ ದಿಕ್ಕು ಎಂದುಕೊಳ್ಳಿ. ಶಾಸ್ತ್ರ ನಂಬದಿದ್ದರೂ ಇಷ್ಟಕ್ಕಂತೂ ಉಪಯೋಗ. ಕರ್ನಾಟಕದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅಂತರ ತೀರ ಕಡಿಮೆ, ಹಾಗಾಗಿ ಮೊಬೈಲ್ ಫೋನಿನ ದಿಕ್ಸೂಚಿಯೂ ಸಾಕು. ಅದನ್ನು ಕಬ್ಬಿಣದ ಕಂಬಿಯ ಪಕ್ಕ, ತಗಡಿನ ಶೀಟಿನ ಮೇಲೆ ಹಿಡಿಯಬೇಡಿ ಅಷ್ಟೆ.

ಎತ್ತರದ ಲೆಕ್ಕ ಹಲವರನ್ನು ದಾರಿ ತಪ್ಪಿಸುತ್ತದೆ. ಬೆಂಗಳೂರಿನಿಂದ ನೋಡಿದರೆ ಜಿಸ್ಯಾಟ್-15 ದಿಗಂತದಿಂದ ಸುಮಾರು 66 ಡಿಗ್ರಿ ಮೇಲಿದೆ. ದೆಹಲಿಯಿಂದ ಬರೀ 52. ಅಂದರೆ ನಮಗದು ನೆತ್ತಿಗೆ ಹತ್ತಿರ. ಆದರೆ ನಮ್ಮ ಮನೆಗಳ ಡಿಷ್‌ಗಳನ್ನು ನೋಡಿದರೆ ಅಷ್ಟು ಮೇಲೆ ಮುಖ ಮಾಡಿದಂತೆ ಕಾಣುವುದಿಲ್ಲ. ಕಾರಣ, ಇವು ಓರೆ ಡಿಷ್‌ಗಳು. ಎಲ್‌ಎನ್‌ಬಿ ಎಂಬ ಆ ಮೂತಿ ನಡುವಿನಲ್ಲಿಲ್ಲ, ಕೆಳಗಿನ ತೋಳಿನ ತುದಿಯಲ್ಲಿದೆ. ತಟ್ಟೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದರೂ ಅದು ಆಗಲೇ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮೇಲೆ ನೋಡುತ್ತಿರುತ್ತದೆ. ಇದು ಗೊತ್ತಿಲ್ಲದವರು ತಟ್ಟೆಯನ್ನು ಆಕಾಶಕ್ಕೆ ಅಂಗಾತ ಮಲಗಿಸಿ, ಸಿಗ್ನಲ್ ಇಲ್ಲ ಎಂದು ಮಧ್ಯಾಹ್ನವೆಲ್ಲ ಒದ್ದಾಡುತ್ತಾರೆ. ಹಿಂಬದಿಯ ಕ್ಲಾಂಪಿನ ಮೇಲೆ ಡಿಗ್ರಿಗಳ ಗುರುತಿರುತ್ತದೆ. ಅದನ್ನು ನಂಬಿ, ಕಣ್ಣನ್ನಲ್ಲ. ಆದರೆ ಕಂಬ ತೂಗುಗುಂಡಿಗೆ ನೆಟ್ಟಗಿದ್ದರೆ ಮಾತ್ರ ಆ ಗುರುತಿಗೆ ಬೆಲೆ.

ನೆತ್ತಿಗೆ ಹತ್ತಿರವಿರುವುದರಿಂದ ಒಂದು ಅನುಕೂಲವಿದೆ. ತೆಂಗಿನ ಮರಗಳಿಗೆ ಅಷ್ಟು ಹೆದರಬೇಕಿಲ್ಲ. ಡಿಷ್‌ಗಿಂತ ಹದಿನೈದು ಮೀಟರ್ ಎತ್ತರದ ಮರವಾದರೂ ಏಳೆಂಟು ಮೀಟರ್ ಆಚೆಗಿದ್ದರೆ ಅದರ ತಲೆಯ ಮೇಲಿನಿಂದ ಸಿಗ್ನಲ್ ಇಳಿಯುತ್ತದೆ. ಇನ್ನೂ ಅನುಮಾನವೇ? ಮಾರ್ಚ್ ನಡುವಿನಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಮ್ಮ ಕಡೆಯಿಂದ ನೋಡಿದಾಗ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಆಗ ಕೆಲವು ನಿಮಿಷ ಚಿತ್ರ ಕೆಡುವುದೂ ಉಂಟು. ಅದು ಡಿಷ್‌ನ ದೋಷವಲ್ಲ. ಆ ಹೊತ್ತಿನಲ್ಲಿ ತಾರಸಿಯ ಯಾವ ಜಾಗಕ್ಕೆ ಬಿಸಿಲು ಬೀಳುತ್ತದೋ ಅಲ್ಲಿಗೆ ಉಪಗ್ರಹಕ್ಕೂ ದಾರಿ ಇದೆ. ಸಾವಿರಾರು ರೂಪಾಯಿಯ ಯಂತ್ರ ಹೇಳುವುದಕ್ಕಿಂತ ಖಚಿತವಾಗಿ ನೆರಳೇ ಹೇಳಿಬಿಡುತ್ತದೆ.

ದಿಕ್ಕು, ಎತ್ತರ ಎರಡೂ ಅಂದಾಜಾದ ಮೇಲೆ ಸೆಟ್‌ಟಾಪ್ ಬಾಕ್ಸಿನ ಮೂಲಕ ಟಿವಿ ಪರದೆಯಲ್ಲಿ ಎರಡು ಪಟ್ಟಿಗಳು ಕಾಣುತ್ತವೆ: ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂತ್ ಪಟ್ಟಿಗೆ ಮೋಸ ಹೋಗಬೇಡಿ. ವೈರು ಜೋಡಿಸಿ ಎಲ್‌ಎನ್‌ಬಿಗೆ ಕರೆಂಟು ಹೋದರೆ ಸಾಕು, ಡಿಷ್ ಪಕ್ಕದ ಮನೆಯ ಗೋಡೆ ನೋಡುತ್ತಿದ್ದರೂ ಅದು ಅರ್ಧಕ್ಕೆ ಏರಿ ಕೂರಬಹುದು. ಕ್ವಾಲಿಟಿ ಮಾತ್ರ ನಿಜ ಹೇಳುತ್ತದೆ. ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿ, ಎರಡು ಮೂರು ಸೆಕೆಂಡ್ ಕಾದು, ಮತ್ತೆ ಸರಿಸಬೇಕು. ಬಾಕ್ಸ್ ಯೋಚನೆ ಮಾಡಲು ಹೊತ್ತು ತೆಗೆದುಕೊಳ್ಳುತ್ತದೆ. ಮೇಲಿನವರು ‘ಬಂತಾ?’ ಎನ್ನುವುದು, ಕೆಳಗಿನವರು ‘ಬಂತು, ಬಂತು, ಹೋಯ್ತು’ ಎನ್ನುವುದು ಈ ಆತುರದಿಂದಲೇ.

ಸುಮಾರು ಎರಡಡಿಯ ಡಿಷ್ ನೋಡುವ ಅಗಲ ಹೆಚ್ಚೆಂದರೆ ಮೂರು ಡಿಗ್ರಿ. ಆಕಾಶದಲ್ಲಿ 93.5ರ ಪಕ್ಕದಲ್ಲೇ, 95 ಡಿಗ್ರಿಯಲ್ಲಿ, ಡಿಷ್ ಟಿವಿ ಎಂಬ ಕಂಪನಿಯ ವಾಹಿನಿಗಳು ಬರುವ ಉಪಗ್ರಹವಿದೆ. ತಟ್ಟೆಯ ಅಂಚು ಒಂದು ಸೆಂಟಿಮೀಟರ್‌ನಷ್ಟು ಸರಿದರೆ ನೀವು ಪಕ್ಕದವರ ಮನೆಗೆ ಹೋಗಿಬಿಟ್ಟಿರಿ. ಟಾಟಾ ಪ್ಲೇ ಬರುವುದು 83ರಿಂದ, ಏರ್‌ಟೆಲ್ 108.2ರಿಂದ, ಅವುಗಳ ದಿಕ್ಕು ಬೇರೆ, ಎತ್ತರ ಬೇರೆ. ಬೀದಿಯ ಎಲ್ಲ ಡಿಷ್‌ಗಳೂ ಒಂದೇ ಕಡೆ ನೋಡುತ್ತವೆ ಎಂದು ಪಕ್ಕದ ಮನೆಯದನ್ನು ನೋಡಿಕೊಂಡು ತಿರುಗಿಸುವ ಮುನ್ನ ಅವರದು ಯಾವ ಕಂಪನಿ ಎಂದು ಕೇಳಿ. ಅಗ್ಗಕ್ಕೆ ಸಿಗುವ ಮುಳ್ಳಿನ ಫೈಂಡರ್ ಪೀಂಗುಡುತ್ತದೆ ನಿಜ, ಆದರೆ ಸಿಕ್ಕ ಉಪಗ್ರಹ ಯಾವುದೆಂದು ಅದಕ್ಕೆ ಗೊತ್ತಿಲ್ಲ.

ಉಪಗ್ರಹ ಸಿಕ್ಕಿ ಚಿತ್ರ ಬಂತು. ಹವ್ಯಾಸಿ ಇಲ್ಲಿಗೆ ನಿಲ್ಲಿಸುತ್ತಾನೆ, ಒಳ್ಳೆಯ ಕೆಲಸಗಾರ ನಿಲ್ಲಿಸುವುದಿಲ್ಲ. ಹಳೆಯ ಆಂಟೆನಾ ಕಾಲದಲ್ಲಿ ಸಿಗ್ನಲ್ ಕುಂದಿದರೆ ಪರದೆಯ ಮೇಲೆ ಚುಕ್ಕಿ ಮೂಡಿ ತಿಳಿಯುತ್ತಿತ್ತು. ಡಿಜಿಟಲ್ ಚಿತ್ರ ಹಾಗಲ್ಲ: ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಏನೂ ಇಲ್ಲ. ಬೇಸಿಗೆಯಲ್ಲಿ ಚಿತ್ರ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಡಿಷ್ ಸರಿಯಾಗಿ ಕೂತಿದೆ ಎಂದರ್ಥವಲ್ಲ, ಅಂಚಿನಲ್ಲಿ ನಿಂತಿರಬಹುದು. ಈ ತರಂಗಗಳನ್ನು ಮಳೆ ತಿನ್ನುತ್ತದೆ. ಜೂನ್ ಬಂದಾಗ ತೀರ್ಥಹಳ್ಳಿಯಲ್ಲೋ ಉಡುಪಿಯಲ್ಲೋ ಸಣ್ಣ ಮಳೆಗೇ ಚಿತ್ರ ಹೋದರೆ ಡಿಷ್ ಕೊಂಚ ವಾರೆಯಿದೆ ಎಂದು ಲೆಕ್ಕ. ಕ್ವಾಲಿಟಿಯನ್ನು ಅದು ಏರುವಷ್ಟು ಏರಿಸಿ, ಇಳಿಯತೊಡಗಿದಾಗ ಹಿಂದಕ್ಕೆ ಬಂದು, ಕೊನೆಗೆ ಎಲ್‌ಎನ್‌ಬಿಯನ್ನೂ ಅದರ ಹಿಡಿಯಲ್ಲಿ ಮೆಲ್ಲಗೆ ತಿರುಗಿಸಿ ನೋಡಬೇಕು. ಬೆಂಗಳೂರಿನಲ್ಲಿ ಈ ತಿರುವು ದೆಹಲಿಗಿಂತ ಜಾಸ್ತಿ ಬೇಕು, ಆದ್ದರಿಂದ ಉತ್ತರದವರಿಗೆಂದು ತೋರಿಸಿದ ಚಿತ್ರ ನೋಡಿಕೊಂಡು ಬಿಗಿದುಬಿಡಬೇಡಿ. ಆಗುಂಬೆಯಂಥ ಊರಿನಲ್ಲಿ ಜಡಿಮಳೆಗೆ ಏನು ಮಾಡಿದರೂ ಚಿತ್ರ ಹೋಗುತ್ತದೆ. ಎರಡಡಿಯ ಬದಲು ಮೂರಡಿಯ ಡಿಷ್ ಹಾಕಿದರೆ ಹೋಗುವ ಹೊತ್ತು ಕಡಿಮೆಯಾಗುತ್ತದೆ.

ಇಷ್ಟು ಆಕಾಶದ ಪಾಠ. ತಾಳ್ಮೆಯಿದ್ದವರಿಗೆ ಇದರಲ್ಲಿ ಕಷ್ಟವೇನಿಲ್ಲ, ತಪ್ಪಿದರೆ ನಷ್ಟವೂ ಇಲ್ಲ. ತಾರಸಿಯ ಕೆಲಸ ಹಾಗಲ್ಲ.

ಗಂಟೆಗೆ ನೂರು ಕಿಲೊಮೀಟರ್ ಗಾಳಿ ಬೀಸಿದರೆ ಎರಡಡಿಯ ತಟ್ಟೆಯ ಮೇಲೆ ಹದಿನೈದು ಇಪ್ಪತ್ತು ಕಿಲೊ ಭಾರದ ತಳ್ಳುವಿಕೆ ಬೀಳುತ್ತದೆ. ಪ್ಯಾರಾಪೆಟ್ಟಿನ ಪ್ಲಾಸ್ಟರಿಗೋ ಟೊಳ್ಳು ಇಟ್ಟಿಗೆಗೋ ಹಾಕಿದ ಬೋಲ್ಟು ಇದನ್ನು ಒಂದೆರಡು ವರ್ಷ ತಡೆದು ಆಮೇಲೆ ಕಿತ್ತುಕೊಂಡು ಬರುತ್ತದೆ. ಮೂರನೆಯ ಮಹಡಿಯಿಂದ ಡಿಷ್ ಬಿದ್ದರೆ ಟಿವಿ ನಿಲ್ಲುವುದಷ್ಟೇ ಅಲ್ಲ, ಕೆಳಗಿದ್ದವರಿಗೂ ಅಪಾಯ. ಹಾಗೆಂದು ಆರ್‌ಸಿಸಿ ಛಾವಣಿಗೇ ತೂತು ಹೊಡೆದರೆ ಮಳೆನೀರು ಆ ತೂತನ್ನೇ ಹುಡುಕಿಕೊಂಡು ಇಳಿಯುತ್ತದೆ; ತೇವ ಕೆಳಗೆ ಕಾಣುವ ಹೊತ್ತಿಗೆ ಡಿಷ್ ಯಾರು ಕೂರಿಸಿದರೆಂಬುದೇ ಮರೆತಿರುತ್ತದೆ. ಅನುಭವಿಗಳು ಕಾಂಕ್ರೀಟ್ ದಿಮ್ಮಿಗೆ ಸ್ಟ್ಯಾಂಡ್ ಬಿಗಿದು ಛಾವಣಿಗೆ ತೂತೇ ಇಲ್ಲದಂತೆ ನಿಲ್ಲಿಸುತ್ತಾರೆ. ಮಂಗಳೂರು ಹೆಂಚಿನ ಮನೆ, ಸಿಮೆಂಟ್ ಶೀಟಿನ ಮನೆಯಾದರೆ ಮಾತೇ ಬೇಡ. ಕಾಲು ಎಲ್ಲಿಡಬೇಕೆಂದು ತಿಳಿಯದವರು ಅದರ ಮೇಲೆ ಹತ್ತಲೇಬಾರದು. ಶೀಟು ಮುರಿದು ಒಳಗೆ ಬಿದ್ದರೆ ಹೋಗುವುದು ಬರೀ ಶೀಟಲ್ಲ.

ಅಪಾರ್ಟ್‌ಮೆಂಟಿನವರ ಪಾಡು ಇನ್ನೊಂದು. ಬಾಲ್ಕನಿ ಪಶ್ಚಿಮಕ್ಕೋ ಉತ್ತರಕ್ಕೋ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು. ಪೂರ್ವಕ್ಕೋ ದಕ್ಷಿಣಕ್ಕೋ ಇದ್ದರೂ, ಉಪಗ್ರಹ ಅಷ್ಟು ಮೇಲಿರುವುದರಿಂದ, ಮೇಲ್ಮನೆಯ ಬಾಲ್ಕನಿಯ ತಳವೇ ಅಡ್ಡ ಬರುತ್ತದೆ. ಆಗ ಡಿಷ್ ಅನ್ನು ಕಂಬಿಗೆ ತಾಗಿಸಿಯೋ ಹೊರಗೆ ಚಾಚಿಯೋ ಕಟ್ಟಬೇಕು. ಸ್ಟೂಲಿನ ಮೇಲೆ ನಿಂತು, ಕಂಬಿಯಾಚೆ ಬಾಗಿ, ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಆ ಭಂಗಿ ನೋಡಿದರೆ ನನಗಂತೂ ಹೊಟ್ಟೆ ತಳಮಳಿಸುತ್ತದೆ. ಇಲ್ಲಿ ಧಾರಾಳವಾಗಿ ದುಡ್ಡು ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಲಸ ಮಾಡುವವರನ್ನೇ ಕರೆಸಿ. ಹಗ್ಗವಿಲ್ಲದೆ ಬಂದರೆ ವಾಪಸ್ಸು ಕಳಿಸಿ. ಅವರ ಜೀವವೂ ಜೀವವೇ.

ಊರೊಳಗೆ ತಾರಸಿಯ ಪಕ್ಕದಲ್ಲೇ ವಿದ್ಯುತ್ ತಂತಿ ಹಾದುಹೋಗುವ ಮನೆಗಳೂ ಇವೆ. ಅಲ್ಲಿ ಉದ್ದದ ಜಿಐ ಪೈಪನ್ನು ನೆಟ್ಟಗೆ ಎತ್ತುವುದಕ್ಕಿಂತ ದೊಡ್ಡ ಹುಚ್ಚಾಟ ಇನ್ನೊಂದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ದಿನಗಳಲ್ಲಿ ಬಾಕ್ಸಿನ ಪ್ಲಗ್ಗನ್ನೂ ಡಿಷ್ ಕೇಬಲ್ಲನ್ನೂ ಕಿತ್ತಿಡುವುದು ಒಳ್ಳೆಯದು. ಅದೂ ಗುಡುಗು ಕೇಳುವ ಮೊದಲೇ.

ವೈರಿನ ವಿಷಯ ಚಿಕ್ಕದು, ಆದರೆ ದೂರುಗಳು ಹೆಚ್ಚು ಹುಟ್ಟುವುದು ಇಲ್ಲೇ. ಕೇಬಲ್ ತುದಿಯ ಕನೆಕ್ಟರಿನೊಳಗೆ ಹೊರಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ, ಏಕೆಂದರೆ ಅದೇ ತಂತಿಯಲ್ಲಿ ಬಾಕ್ಸಿನಿಂದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ. ಜೋಡಿಸುವ ಮೊದಲು ಬಾಕ್ಸಿನ ಸ್ವಿಚ್ ತೆಗೆದಿರಬೇಕು. ಕೇಬಲ್ ಮನೆಯೊಳಗೆ ನುಗ್ಗುವ ಮುನ್ನ ಒಂದು ಕೆಳಬಾಗು ಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಟಿವಿಯ ಹಿಂದೆ ಬರುವುದಿಲ್ಲ.

ಹಣ ಕಟ್ಟುವ ಡಿಟಿಎಚ್‌ನಲ್ಲಿ ಹೊಸ ಸಂಪರ್ಕದ ಜೊತೆಗೆ ಕೂರಿಸುವ ಕೆಲಸವೂ ಸಾಮಾನ್ಯವಾಗಿ ಸೇರಿರುತ್ತದೆ. ಅಲ್ಲಿ ಸ್ವಂತ ಸಾಹಸಕ್ಕೆ ಕಾರಣವೇ ಇಲ್ಲ. ಫ್ರೀ ಡಿಷ್ ಹಾಗಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಇದಕ್ಕೆ ತಿಂಗಳ ಚಂದಾ ಇಲ್ಲ, ಸಾಮಾನನ್ನು ಪೇಟೆಯಲ್ಲಿ ಕೊಂಡು ತಂದರೆ ಆಯಿತು. ನೆಲಮಟ್ಟದ ಅಂಗಳ, ಅಥವಾ ಸುತ್ತ ಎದೆಮಟ್ಟದ ಗೋಡೆಯಿರುವ ಸಮತಟ್ಟಾದ ತಾರಸಿ ನಿಮಗಿದ್ದರೆ ಇದನ್ನು ನೀವೇ ಮಾಡಿ ನೋಡಿ, ಮಕ್ಕಳನ್ನೂ ಸೇರಿಸಿಕೊಳ್ಳಿ. ಮಿಕ್ಕ ಕಡೆ ಬಲ್ಲವರಿಂದ ಕಂಬ ನೆಡಿಸಿ, ವೈರು ಎಳೆಸಿ.

ಕೂಲಿಗೆ ಕರೆಸಿದರೂ ಸುಮ್ಮನೆ ಕುಳಿತಿರಬೇಡಿ. ಅವರು ಹೊರಡುವ ಮೊದಲು ಕ್ವಾಲಿಟಿ ಪಟ್ಟಿಯ ಅಂಕಿಯನ್ನು ಪರದೆಯ ಮೇಲೆ ತೋರಿಸಲು ಹೇಳಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಆಮೇಲೆ ಕಂಬಕ್ಕೂ ಕ್ಲಾಂಪಿಗೂ ಕೂಡುವಂತೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಎತ್ತರದ ಬೋಲ್ಟಿನ ಹತ್ತಿರವೂ ಇನ್ನೊಂದು. ಮಲೆನಾಡಿನಲ್ಲಿ ಕೋತಿಗಳಿಗೆ ಡಿಷ್ ಬಹಳ ಇಷ್ಟದ ಪೀಠ. ಅವು ಕೂತು ಎದ್ದು ತಟ್ಟೆ ತಿರುಗಿದಾಗ ಗೆರೆಗೆ ಗೆರೆ ಕೂಡಿಸಿ, ಫೋಟೊದಲ್ಲಿದ್ದ ಅಂಕಿ ಬರುವವರೆಗೆ ನೋಡಿಕೊಂಡು ಬೋಲ್ಟು ಬಿಗಿದರೆ ಆಯಿತು. ಅಷ್ಟಕ್ಕೆ ಯಾರನ್ನೂ ಕರೆಸಬೇಕಿಲ್ಲ.