ಮಗ್ದಾ ನಾಖ್ಮನ್: ಮಂಡಯಂ ಮನೆತನಕ್ಕೆ ಬಂದ ರಷ್ಯದ ಚಿತ್ರಕಾರ್ತಿ



ಶಿಕಾರಿಪುರ, ಸೊರಬದಿಂದ ಬಂದಿರುವ ನೀವೆಲ್ಲ ಮಂಡಯಂ ಅಯ್ಯಂಗಾರರ ಹೆಸರು ಕೇಳಿದ್ದೀರಿ. ಮೂಲ ಮೇಲುಕೋಟೆ, ಮಂಡ್ಯದ ಸೀಮೆ. ಓದಿಗೆ, ಉದ್ಯೋಗಕ್ಕೆ ಮದರಾಸಿಗೆ ಹೋಗಿ ನೆಲೆಸಿದ ಮನೆಗಳು ಬಹಳ. ವಿವೇಕಾನಂದರನ್ನು ಷಿಕಾಗೋಗೆ ಕಳಿಸಲು ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಈ ಸಮುದಾಯದವರೇ; ಹುಟ್ಟಿದ್ದು ನಮ್ಮ ನೆರೆಯ ಚಿಕ್ಕಮಗಳೂರಿನಲ್ಲಿ. ಅದೇ ಬಳಗದ ಇನ್ನೊಬ್ಬರು ಎಂ.ಪಿ.ಟಿ. ಆಚಾರ್ಯ, ಅಂದರೆ ಮಂಡಯಂ ಪಾರ್ಥಸಾರಥಿ ತಿರುಮಲಾಚಾರ್ಯ. ಬ್ರಿಟಿಷರ ಕಣ್ಣು ತಪ್ಪಿಸಿ ದೇಶ ಬಿಟ್ಟ ಕ್ರಾಂತಿಕಾರಿ. ಅವರು ಮಾಸ್ಕೋದಲ್ಲಿ ಒಬ್ಬ ಚಿತ್ರಕಾರ್ತಿಯನ್ನು ಮದುವೆಯಾದರು. ಹೆಸರು ಮಗ್ದಾ ನಾಖ್ಮನ್. ಇವತ್ತಿನ ಮಾತು ಈ ಮಗ್ದಾ ಅವರದು. ಆಚಾರ್ಯರ ಹೆಂಡತಿ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುವ ಪ್ರತಿಭೆಯಲ್ಲ ಅವರದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಗ್ದಾ ಹುಟ್ಟಿದ್ದು 1889ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ಯಹೂದಿ, ವೃತ್ತಿಯಲ್ಲಿ ವಕೀಲರು, ನೊಬೆಲ್ ಸಹೋದರರ ತೈಲ ಕಂಪನಿಗೆ ಕಾನೂನು ಸಲಹೆಗಾರರು. ತಾಯಿ ಜರ್ಮನ್ ಮೂಲದ ಲೂಥರನ್ ಕ್ರೈಸ್ತರು. ಮಗಳಿಗೆ ಚರ್ಚಿನಲ್ಲಿ ದೀಕ್ಷೆಯಾಗಿತ್ತು. ಆ ಕಾಲದ ರಷ್ಯದಲ್ಲಿ ಯಹೂದಿಗಳು ರಾಜಧಾನಿಯಲ್ಲಿ ವಾಸ ಮಾಡಲು ವಿಶೇಷ ಪರವಾನಗಿ ಬೇಕಿತ್ತು. ತಾಯಿಯ ಧರ್ಮ ಮಗ್ದಾಗೆ ಆ ಕಷ್ಟ ತಪ್ಪಿಸಿತು. ಯಹೂದಿ ಧರ್ಮಶಾಸ್ತ್ರದ ಪ್ರಕಾರ ಯಹೂದಿತನ ಬರುವುದು ತಾಯಿಯಿಂದ. ಹಾಗೆ ನೋಡಿದರೆ ಮಗ್ದಾ ಯಹೂದಿಯೇ ಅಲ್ಲ. ಆದರೆ 1933ರ ಏಪ್ರಿಲ್‌ನಲ್ಲಿ ಹಿಟ್ಲರನ ಸರ್ಕಾರ ತಂದ ನಿಯಮಕ್ಕೆ ಶಾಸ್ತ್ರದ ಗೊಡವೆ ಇರಲಿಲ್ಲ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಮೊಮ್ಮಕ್ಕಳು ಆರ್ಯರಲ್ಲ. ಒಬ್ಬ ಮನುಷ್ಯ ಯಾರು ಎಂದು ತೀರ್ಮಾನಿಸುವ ಹಕ್ಕು ಅವರ ಕೈಯಿಂದ ಕಚೇರಿಯ ಕಡತಕ್ಕೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಮಗ್ದಾ ಅವರ ಬದುಕಿನ ದ್ವಿತೀಯಾರ್ಧವೇ ಉತ್ತರ.

ಮೊದಲಿಗೆ ಕಲಿಕೆಯ ವಿಷಯ ಹೇಳುತ್ತೇನೆ. ಕಲಾವಿದರ ಕಷ್ಟಗಳನ್ನು ಹೇಳುವ ಭರದಲ್ಲಿ ನಾವು ಅವರು ಕಲಿತದ್ದನ್ನು ಮರೆಯುತ್ತೇವೆ. 1907ರಲ್ಲಿ ಮಗ್ದಾ ಸೇರಿದ್ದು ಎಲಿಜವೆತಾ ಜ್ವಾಂತ್ಸೆವಾ ಎಂಬ ಮಹಿಳೆ ನಡೆಸುತ್ತಿದ್ದ ಖಾಸಗಿ ಚಿತ್ರಶಾಲೆಗೆ. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ವ್ಯಾಚೆಸ್ಲಾವ್ ಇವಾನೊವ್ ಎಂಬ ಕವಿಯ ಮನೆ. ರಾತ್ರಿಯಿಡೀ ಕಾವ್ಯ, ಚರ್ಚೆ. ಕೆಳಗೆ ಬಣ್ಣ, ಮೇಲೆ ಮಾತು. ಮುಖ್ಯ ಗುರು ಲಿಯೊನ್ ಬಾಕ್ಸ್ಟ್, ಮುಂದೆ ಪ್ಯಾರಿಸ್ಸಿನಲ್ಲಿ ರಷ್ಯನ್ ಬ್ಯಾಲೆಗೆ ವೇಷಭೂಷಣ, ರಂಗಸಜ್ಜಿಕೆ ಮಾಡಿ ಯುರೋಪನ್ನೇ ಬೆರಗುಗೊಳಿಸಿದವರು. ಅವರೂ ಯಹೂದಿ. ಅಷ್ಟು ದೊಡ್ಡ ಹೆಸರಾದ ಮೇಲೂ, 1912ರಲ್ಲಿ, ವಾಸದ ಹಕ್ಕಿಲ್ಲವೆಂದು ಪೀಟರ್ಸ್‌ಬರ್ಗಿನಿಂದ ಹೊರಗೆ ಕಳಿಸಿಬಿಟ್ಟರು. ಬಾಕ್ಸ್ಟ್ ಶಿಷ್ಯರ ಚಿತ್ರಕ್ಕೆ ತಮ್ಮ ಕೈ ಹಚ್ಚುತ್ತಿರಲಿಲ್ಲ. ವಾರಕ್ಕೊಮ್ಮೆ ಬಂದು ಎಲ್ಲರೆದುರು ಒಂದೊಂದೇ ಚಿತ್ರದ ಬಗ್ಗೆ ಮಾತನಾಡುತ್ತಿದ್ದರು. ಬಣ್ಣವೊಂದು ತನ್ನಷ್ಟಕ್ಕೇ ಇರುವುದಿಲ್ಲ, ಪಕ್ಕದ ಬಣ್ಣ ಅದನ್ನು ಬದಲಿಸುತ್ತದೆ ಎಂಬುದನ್ನು ಮಕ್ಕಳ ಕಣ್ಣಿಗೇ ಕಲಿಸಿದರು. ಅವರು ಪ್ಯಾರಿಸ್ಸಿಗೆ ಹೋದ ಮೇಲೆ ಬಂದವರು ಕುಜ್ಮಾ ಪೆಟ್ರೋವ್-ವೊದ್ಕಿನ್, ಕೆಂಪು ಕುದುರೆಯ ಚಿತ್ರದಿಂದ ಪ್ರಸಿದ್ಧರಾದವರು. ಇದೇ ಶಾಲೆಯಲ್ಲಿ ಸ್ವಲ್ಪ ಕಾಲ ಕಲಿತ ಇನ್ನೊಬ್ಬ ಹುಡುಗ ಮಾರ್ಕ್ ಚಗಾಲ್.

ಪರದೆಯ ಮೇಲಿನ ಈ ಚಿತ್ರ ನೋಡಿ. 1913. ಕಪ್ಪು ಸಮುದ್ರದ ದಡದ ಕೊಕ್ತೆಬೆಲ್ ಎಂಬ ಊರಿನಲ್ಲಿ ಕವಿ ವೊಲೋಶಿನ್ ಅವರ ಮನೆ ಬೇಸಗೆಯಲ್ಲಿ ಕಲಾವಿದರಿಗೆಲ್ಲ ತೆರೆದಿರುತ್ತಿತ್ತು. ಅಲ್ಲಿ ಮಗ್ದಾ ಬರೆದದ್ದು ಮರೀನಾ ತ್ಸ್ವೆತಾಯೆವಾ ಅವರ ಭಾವಚಿತ್ರ. ಆಗ ಇಪ್ಪತ್ತರ ಹರೆಯದ ಹುಡುಗಿ. ಇಂದು ರಷ್ಯನ್ ಭಾಷೆಯ ಮಹಾಕವಿಗಳಲ್ಲಿ ಒಬ್ಬರು. ಕವಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರವಿದು. ಭಾವಚಿತ್ರ ಬರೆಯುವವರು ಸಾಮಾನ್ಯವಾಗಿ ಕಣ್ಣಿಗೆ ಹೊಳಪು ತುಂಬಿ ಮೆಚ್ಚಿಗೆ ಗಳಿಸುತ್ತಾರೆ. ಮಗ್ದಾ ಹಾಗೆ ಮಾಡಿಲ್ಲ. ಮುಖ ಮುಚ್ಚಿಕೊಂಡಂತಿದೆ, ತನ್ನೊಳಗೇ ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ. ಇಪ್ಪತ್ನಾಲ್ಕು ವರ್ಷದ ಕಲಾವಿದೆಗೆ ಈ ಸಂಯಮ ಎಲ್ಲಿಂದ ಬಂತೋ! ಕವಿಯ ಗಂಡ ಸೆರ್ಗೆಯ್ ಎಫ್ರೋನ್ ಅವರ ಚಿತ್ರವನ್ನೂ ಮಗ್ದಾ ಬರೆದಿದ್ದರು. ಆ ಚಿತ್ರ ಮಾಸ್ಕೋದ ಅವರ ಮನೆಯ ಗೋಡೆಯ ಮೇಲಿತ್ತು. ಕ್ರಾಂತಿಯ ಗದ್ದಲದಲ್ಲಿ ಕಳೆದುಹೋಯಿತು.

ಕ್ರಾಂತಿಯ ನಂತರದ ವರ್ಷಗಳು ಹಸಿವಿನವು. ಬಣ್ಣ ಕೊಳ್ಳುವುದಿರಲಿ, ಸೌದೆಗೂ ಗತಿಯಿರಲಿಲ್ಲ. ಮಗ್ದಾ ಉಸ್ತ್-ದೊಲಿಸ್ಸಿ ಎಂಬ ಹಳ್ಳಿಗೆ ಹೋಗಿ, ಎಫ್ರೋನ್ ಅವರ ಅಕ್ಕ ಕಟ್ಟಿದ ನಾಟಕ ತಂಡಕ್ಕೆ ಪರದೆ, ವೇಷ ಸಿದ್ಧಮಾಡಿ ಹೊಟ್ಟೆ ಹೊರೆದರು. ಹೆಗ್ಗೋಡಿನ ನೆರೆಯಲ್ಲಿರುವ ನಿಮಗೆ ಹಳ್ಳಿಯಲ್ಲಿ ನಾಟಕ ಕಟ್ಟುವುದೆಂದರೇನು ಎಂದು ನಾನು ವಿವರಿಸಬೇಕಿಲ್ಲ.

ಇನ್ನು ಆಚಾರ್ಯರು. ಮದರಾಸಿನಲ್ಲಿ ಸುಬ್ರಹ್ಮಣ್ಯ ಭಾರತಿ ಸಂಪಾದಿಸುತ್ತಿದ್ದ ‘ಇಂಡಿಯಾ’ ಪತ್ರಿಕೆ ನಡೆಸುತ್ತಿದ್ದದ್ದು ಮಂಡಯಂ ಮನೆತನದವರು. ಅಲ್ಲಿಂದ ತಪ್ಪಿಸಿಕೊಂಡು ಲಂಡನ್ನಿನ ಇಂಡಿಯಾ ಹೌಸ್, ಯುದ್ಧಕಾಲದ ಬರ್ಲಿನ್, ಕಾಬೂಲ್. 1920ರ ಅಕ್ಟೋಬರ್ 17ರಂದು ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಹುಟ್ಟಿದಾಗ ಅಧ್ಯಕ್ಷರು ಇವರೇ, ಕಾರ್ಯದರ್ಶಿ ಮೊಹಮ್ಮದ್ ಶಫೀಕ್, ಸ್ಥಾಪಕರಲ್ಲಿ ಪ್ರಮುಖರು ಎಂ.ಎನ್. ರಾಯ್. ರಾಯ್ ಜೊತೆ ಜಗಳವಾಗಿ ಹೊರಬಂದು, ಕೊನೆಗೆ ಯಾವ ಸರ್ಕಾರವನ್ನೂ ಒಪ್ಪದ ಅರಾಜಕತಾವಾದಿಯಾದರು. 1922ರಲ್ಲಿ ಗಂಡ ಹೆಂಡತಿ ರಷ್ಯ ಬಿಟ್ಟು ಬರ್ಲಿನ್ನಿಗೆ ಹೋದರು.

ಬರ್ಲಿನ್ನಿನಲ್ಲಿ ಆಗ ಲಕ್ಷಗಟ್ಟಲೆ ರಷ್ಯನ್ ವಲಸಿಗರು. ಮಗ್ದಾ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಚಿತ್ರ ಬರೆದು, ಪ್ರದರ್ಶನ ಮಾಡಿ, ಮಾರಿ ಬದುಕಿದರು. 1933ರಲ್ಲಿ ಬರೆದ ಒಂದು ಭಾವಚಿತ್ರ ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್ ಅವರದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾಜಿಗಳು ಸಂಸ್ಕೃತಿ ಮಂಡಳಿ ಸ್ಥಾಪಿಸಿದರು. ಅದರ ಸದಸ್ಯತ್ವವಿಲ್ಲದೆ ಚಿತ್ರ ಬರೆದು ಮಾರುವ ಹಾಗಿಲ್ಲ, ಪ್ರದರ್ಶಿಸುವ ಹಾಗಿಲ್ಲ. ತಂದೆ ಯಹೂದಿ, ಗಂಡ ಕಂದು ಬಣ್ಣದ ಭಾರತೀಯ, ಅದರ ಮೇಲೆ ಅರಾಜಕತಾವಾದಿ. ಬರ್ಲಿನ್ ಬಿಟ್ಟರು. ಸ್ವಲ್ಪ ಕಾಲ ಸ್ವಿಟ್ಜರ್ಲೆಂಡ್. ಆಚಾರ್ಯರು 1935ರಲ್ಲಿ ಮುಂಬಯಿಗೆ ಬಂದರು, ಮಗ್ದಾ 1936ರಲ್ಲಿ.

ನಲವತ್ತೇಳನೆಯ ವಯಸ್ಸಿನಲ್ಲಿ ಹೊಸ ದೇಶ! ಹೊಸ ಬೆಳಕು ಎಂದು ಹೇಳುವುದು ಇನ್ನೂ ಸರಿ. ಉತ್ತರ ಯುರೋಪಿನ ಮಂಕು ಬೆಳಕಿನಲ್ಲಿ ಬಣ್ಣ ಕಲಿತ ಕಣ್ಣಿಗೆ ಮುಂಬಯಿಯ ಬಿಸಿಲು ಸುಲಭವಾಗಿ ಒಗ್ಗುವುದಲ್ಲ. ಮಗ್ದಾ ಪ್ಯಾಸ್ಟೆಲ್ ಮತ್ತು ಎಣ್ಣೆಬಣ್ಣದಲ್ಲಿ ಇಲ್ಲಿನ ಹೆಂಗಸರನ್ನು, ಮಕ್ಕಳನ್ನು, ನರ್ತಕಿಯರನ್ನು, ದುಡಿಯುವ ಜನರನ್ನು ಬರೆದರು. ಭಾರತಕ್ಕೆ ಬಂದ ಎಷ್ಟೋ ಪಾಶ್ಚಾತ್ಯ ಚಿತ್ರಕಾರರು ಆನೆ, ಅರಮನೆ, ಸಾಧು, ಘಾಟುಗಳನ್ನು ಬರೆದು ಹೋದರು. ಮಗ್ದಾ ಚಿತ್ರಗಳಲ್ಲಿ ಮನುಷ್ಯರಿದ್ದಾರೆ. ಕೊಕ್ತೆಬೆಲ್‌ನಲ್ಲಿ ಕವಿಯ ಮುಖ ನೋಡಿದ ಅದೇ ಗೌರವದಿಂದ ಇಲ್ಲಿ ಹೆಸರಿಲ್ಲದ ಹೆಂಗಸಿನ ಮುಖವನ್ನೂ ನೋಡಿದ್ದಾರೆ. ನನಗೆ ಅವರ ಸಾಧನೆ ಎಂದರೆ ಇದು.

ಮುಂಬಯಿಯಲ್ಲಿ ಅವರು ಒಂಟಿಯಾಗಿರಲಿಲ್ಲ. ವಿಯೆನ್ನಾದ ಯಹೂದಿ ನರ್ತಕಿ ಹಿಲ್ಡೆ ಹೊಲ್ಗರ್ 1939ರಲ್ಲಿ ಬಂದು 1941ರಲ್ಲಿ ನೃತ್ಯಶಾಲೆ ತೆರೆದರು. ಆ ನರ್ತಕಿಯರನ್ನು ಮಗ್ದಾ ಬರೆದರು. ಆಸ್ಟ್ರಿಯದ ವಾಲ್ಟರ್ ಲಾಂಗ್‌ಹ್ಯಾಮರ್ ಟೈಮ್ಸ್ ಆಫ್ ಇಂಡಿಯಾದ ಕಲಾ ನಿರ್ದೇಶಕರು, ಅವರ ಹೆಂಡತಿ ಕೇಟೆ ಯಹೂದಿ. ನೇಪಿಯನ್ ಸೀ ರಸ್ತೆಯ ಅವರ ಮನೆ ಎಳೆಯ ಚಿತ್ರಕಾರರಿಗೆಲ್ಲ ತೆರೆದ ಬಾಗಿಲು. ವಿಮರ್ಶಕ ರೂಡಿ ಫಾನ್ ಲೇಡೆನ್, ಚಿತ್ರ ಕೊಂಡು ಕಲಾವಿದರನ್ನು ಉಳಿಸಿದ ಎಮಾನುಯೆಲ್ ಶ್ಲೆಸಿಂಗರ್, ಇವರೂ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು. ಹುಸೇನ್, ರಜಾ, ಸೋಜಾ, ಆರಾ ಮೊದಲಾದವರ ಪ್ರೊಗ್ರೆಸಿವ್ ಗುಂಪಿಗೆ 1947ರಲ್ಲಿ ಬೆನ್ನಿಗೆ ನಿಂತವರು ಇವರೇ. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಜೆ.ಜೆ. ಸ್ಕೂಲಿನಲ್ಲಿ ಕಲಿತು, ಕಲಿಸಿ, ಚಿತ್ರಕಾರರಾಗಿ ಬೆಳೆದದ್ದೂ ಇದೇ ಮುಂಬಯಿಯಲ್ಲಿ, ಇದೇ ವರ್ಷಗಳಲ್ಲಿ. ಮಗ್ದಾ ಚಿತ್ರಗಳು ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಗಳಲ್ಲಿ ಇರುತ್ತಿದ್ದವು. ಆದರೆ ಆ ಕಾಲದ ಚರಿತ್ರೆ ಬರೆದವರ ಕಣ್ಣೆಲ್ಲ ಪ್ರೊಗ್ರೆಸಿವ್ ಗುಂಪಿನ ಮೇಲೆ. ಭಾವಚಿತ್ರ ಬರೆಯುವ ವಯಸ್ಸಾದ ರಷ್ಯನ್ ಹೆಂಗಸು ಅವರ ಕಥೆಗೆ ಹೊಂದಲಿಲ್ಲ.

ಇಲ್ಲಿ ಇನ್ನೊಬ್ಬ ಪೀಟರ್ಸ್‌ಬರ್ಗಿನವರನ್ನು ನೆನೆಯಬೇಕು. ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು ಅದೇ ನಗರದಲ್ಲಿ, 1904ರಲ್ಲಿ. ದೇವಿಕಾ ರಾಣಿಯವರನ್ನು ಮದುವೆಯಾಗಿ ಬೆಂಗಳೂರಿನ ಹೊರಗೆ ತಾತಗುಣಿಯ ನಾನೂರಕ್ಕೂ ಹೆಚ್ಚು ಎಕರೆ ತೋಟದಲ್ಲಿ ನೆಲೆಸಿದರು. ಅವರ ಚಿತ್ರಗಳಿಗೆ ಚಿತ್ರಕಲಾ ಪರಿಷತ್ತಿನಲ್ಲಿ ಗ್ಯಾಲರಿಯಿದೆ. ತೋಟವನ್ನು ಸರ್ಕಾರವೇ ವಹಿಸಿಕೊಂಡಿತು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಒಂದೇ ಊರಿನಿಂದ ಹೊರಟ ಇಬ್ಬರು ಚಿತ್ರಕಾರರಲ್ಲಿ ಒಬ್ಬರಿಗೆ ಸಂಸ್ಥೆ ಸಿಕ್ಕಿತು, ಇನ್ನೊಬ್ಬರಿಗೆ ಸಿಕ್ಕಿದ್ದು ಮಲಬಾರ್ ಹಿಲ್‌ನ ಒಂದು ಬಾಡಿಗೆ ವಾಸ. ಮೈಸೂರು ಸಂಸ್ಥಾನ 1939ರಲ್ಲಿ ಬರ್ಲಿನ್ನಿನ ಯಹೂದಿ ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್ ಅವರಿಗೆ ಕೆಲಸ ಕೊಟ್ಟು ಉಳಿಸಿಕೊಂಡಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರ ಕಟ್ಟಡಗಳಿವೆ. ಕಟ್ಟಡ ಕಟ್ಟುವವರು ಸರ್ಕಾರಕ್ಕೆ ಬೇಕು. ಮುಖ ಬರೆಯುವವರನ್ನು ಯಾವ ದಿವಾನರೂ ಕರೆಯಲಿಲ್ಲ.

1951ರ ಫೆಬ್ರವರಿ 12ರಂದು ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಫಾರಿನ್ ಲ್ಯಾಂಗ್ವೇಜಸ್‌ನಲ್ಲಿ ಅವರೊಬ್ಬರದೇ ಚಿತ್ರಗಳ ಪ್ರದರ್ಶನ ಆರಂಭವಾಗುವುದಿತ್ತು. ಅದಕ್ಕೆ ಕೆಲವೇ ಗಂಟೆ ಮುಂಚೆ ಮಗ್ದಾ ತೀರಿಕೊಂಡರು. ಫಾನ್ ಲೇಡೆನ್ ಬರೆದ ಶ್ರದ್ಧಾಂಜಲಿಯಲ್ಲಿ, ಮುಂಬಯಿಯ ಕಲಾಲೋಕ ಆ ಪುಟ್ಟ ದೇಹದ ದೊಡ್ಡ ಹೆಂಗಸನ್ನು ಎಷ್ಟು ಪ್ರೀತಿಸಿತ್ತು ಎಂಬುದು ಕಾಣುತ್ತದೆ. ಮಕ್ಕಳಿರಲಿಲ್ಲ. ಆಚಾರ್ಯರು ಕಾಯಿಲೆ, ಬಡತನಗಳ ನಡುವೆ ಹೆಂಡತಿಯ ಚಿತ್ರಗಳನ್ನು ಮಾರಲು ಪ್ರಯತ್ನಿಸುತ್ತಾ 1954ರ ಮಾರ್ಚ್ 20ರಂದು ಹೋದರು. ಆಮೇಲೆ ಚಿತ್ರಗಳು ಚದುರಿದವು.

ಕಲೆ ಚದುರದೆ ಉಳಿಯುವುದು ಹೇಗೆಂದು ನಿಮ್ಮ ಸೀಮೆಯಲ್ಲೇ ನೋಡಬಹುದು. ಸೊರಬದ ಗುಡಿಗಾರರ ಮನೆಗಳಲ್ಲಿ ಹಿರಿಯರು ತಮ್ಮ ಪೂರ್ವಿಕರು ಗೋವೆಯಿಂದ ಬಂದವರೆಂದು ಹೇಳುತ್ತಾರೆ. ಅವರೂ ವಲಸೆ ಬಂದವರು. ಆದರೆ ಉಳಿಯನ್ನೂ ಮಕ್ಕಳನ್ನೂ ಜೊತೆಗೆ ತಂದರು. ಅಪ್ಪನ ಕೈ ಮಗನಿಗೆ ಬಂತು, ಶ್ರೀಗಂಧದ ಕೆತ್ತನೆ, ಬೆಂಡಿನ ಬಾಸಿಂಗ ಉಳಿದವು, ಇಂದು ಸೊರಬ ಎಂದರೆ ಗುಡಿಗಾರರೇ ನೆನಪಾಗುತ್ತಾರೆ. ಬಳ್ಳಿಗಾವಿಯ ದಾಸೋಜ ಊರು ಬಿಟ್ಟು ಬೇಲೂರಿಗೆ ಹೋಗಿ ಮಗ ಚಾವಣನೊಂದಿಗೆ ಮದನಿಕೆಯರನ್ನು ಕಡೆದಾಗ ಕಲ್ಲಿನಲ್ಲಿ ತನ್ನ ಹೆಸರನ್ನೂ ಊರನ್ನೂ ಕೊರೆದ. ಒಂಬತ್ತು ಶತಮಾನ ಕಳೆದರೂ ಅವನು ನಿಮ್ಮವನೆಂದು ನಿಮಗೆ ಗೊತ್ತು. ಮಗ್ದಾಗೆ ಕುಲದ ಆಸರೆ ಇರಲಿಲ್ಲ, ಬರೆದದ್ದು ಕಾಗದ ಮತ್ತು ಬಟ್ಟೆಯ ಮೇಲೆ. ಮುಂಬಯಿಯ ಮಳೆಗಾಲ ಪ್ಯಾಸ್ಟೆಲ್ಲಿಗೆ ಶತ್ರು: ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಪುಡಿ ಉದುರುತ್ತದೆ.

ಲೀನಾ ಬರ್ನ್‌ಸ್ಟೈನ್ ಎಂಬ ವಿದ್ವಾಂಸೆ ಹಲವು ದೇಶಗಳ ದಾಖಲೆಗಳನ್ನು ಹುಡುಕಿ, ಮಗ್ದಾ ತಮ್ಮ ಗೆಳತಿ ಯೂಲಿಯಾ ಒಬೊಲೆನ್ಸ್ಕಾಯಾಗೆ ಬರೆದ ಪತ್ರಗಳನ್ನು ಓದಿ, 2020ರಲ್ಲಿ ಇಂಗ್ಲಿಷಿನಲ್ಲಿ ಜೀವನಚರಿತ್ರೆ ಪ್ರಕಟಿಸಿದರು. ಅವರ ಶ್ರಮವಿಲ್ಲದಿದ್ದರೆ ಇವತ್ತು ನಾನು ನಿಮ್ಮ ಮುಂದೆ ಇಷ್ಟು ವಿವರ ಹೇಳಲಾಗುತ್ತಿರಲಿಲ್ಲ. ಕನ್ನಡದಲ್ಲಿ ಒಂದು ಪುಸ್ತಕ ಬರಬೇಕು ಎಂಬುದು ನನ್ನ ಆಸೆ. ಮಂಡಯಂ ಮನೆತನದ ಕಥೆ ಬರೆಯುವವರು ಆಚಾರ್ಯರ ಪಕ್ಕದಲ್ಲಿ ಮಗ್ದಾಗೂ ಪೂರ್ತಿ ಅಧ್ಯಾಯ ಕೊಡಬೇಕು.

ಇನ್ನೊಂದು ಕೆಲಸವಿದೆ, ಅದನ್ನು ಇಲ್ಲಿರುವ ಯಾರು ಬೇಕಾದರೂ ಮಾಡಬಹುದು. ಮಾಟುಂಗಾ, ಕೋಟೆ, ದಾದರ್ ಎಂದು ಮುಂಬಯಿಯ ತುಂಬ ಕನ್ನಡಿಗರು ಹಿಂದಿನಿಂದ ಇದ್ದಾರೆ. ನಿಮ್ಮಲ್ಲಿ ಹಲವರಿಗೆ ಅಲ್ಲಿ ನೆಂಟರಿದ್ದಾರೆ. ಮಗ್ದಾ ಜೀವನಕ್ಕಾಗಿ ಮನೆಗಳವರ ಭಾವಚಿತ್ರ ಬರೆದವರು. ಅಂಥವು ಅಜ್ಜಿಯ ಚಿತ್ರ, ಚಿಕ್ಕಮ್ಮನ ಬಾಲ್ಯದ ಚಿತ್ರ ಎಂದು ಗೋಡೆಯ ಮೇಲೋ ಅಟ್ಟದಲ್ಲೋ ಇರಬಹುದು. ಹಳೆಯ ಮನೆ ಕೆಡವುವಾಗ ಚೌಕಟ್ಟು ಗುಜರಿಗೆ ಹೋಗುವ ಮುಂಚೆ ಚಿತ್ರದ ಮೂಲೆಯಲ್ಲಿ ನಾಖ್ಮನ್ ಎಂಬ ಸಹಿ ಇದೆಯೇ ನೋಡಿ ಎಂದು ಅವರಿಗೆ ಹೇಳಿ. ಇದ್ದರೆ ಒಂದು ಫೋಟೊ ತೆಗೆದು, ಚಿತ್ರದಲ್ಲಿರುವವರು ಯಾರು, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಹಿಂಭಾಗದ ಹಳೆಯ ಕಾಗದದ ಚೀಟಿಗಳನ್ನು ಕಿತ್ತು ಬಿಸಾಡದಿರಲಿ. ಪ್ಯಾಸ್ಟೆಲ್ ಆಗಿದ್ದರೆ ಗಾಜು ತೆಗೆದು ಬಟ್ಟೆಯಿಂದ ಒರೆಸುವ ಸಾಹಸ ಬೇಡ, ಬಣ್ಣವೇ ಬಂದುಬಿಡುತ್ತದೆ. ಗೋಡೆಯ ತೇವದಿಂದ ದೂರ ಇಟ್ಟರೆ ಸಾಕು.